ತಮ್ಮನ ಪಾಲಿನ ರೊಟ್ಟಿ

ನನ್ನ ತಮ್ಮ ಜ್ವರ ಬಂದು ತೀರಿಕೊಂಡಾಗ ನಾನು ಏಳನೆಯ ತರಗತಿಯಲ್ಲಿದ್ದೆ. ಬನಹಟ್ಟಿಯ ನಮ್ಮ ಮನೆಯಲ್ಲಿ ಅಪ್ಪ ಕರೆಂಟಿನ ಮಗ್ಗದಲ್ಲಿ ಸೀರೆ ನೇಯುತ್ತಿದ್ದ, ಅವ್ವ ಅವನಿಗೆ ನೂಲು ಸುತ್ತಿ ಕೊಡುತ್ತಿದ್ದಳು. ತಮ್ಮನ ದಿನಕರ್ಮಗಳು ಮುಗಿದ ಮೇಲೆ ಮಗ್ಗವೇನೋ ಮತ್ತೆ ಸದ್ದು ಮಾಡಿತು. ಆದರೆ ಅವ್ವ ಮಾತು ನಿಲ್ಲಿಸಿಬಿಟ್ಟಳು. ಓಣಿಯ ಹೆಂಗಸರು ಕರೆದರೂ ಹೊಸ್ತಿಲು ದಾಟುತ್ತಿರಲಿಲ್ಲ. ಒಲೆಯ ಮುಂದೆ ಕೂತಾಗಷ್ಟೇ ಅವಳಿಗೆ ಜೀವ ಬಂದಂತಾಗುತ್ತಿತ್ತು. ರೊಟ್ಟಿಯನ್ನು ಮಾತ್ರ ಹಿಂದಿನ ಲೆಕ್ಕದಲ್ಲೇ ಬಡಿಯುತ್ತಿದ್ದಳು. ತಮ್ಮನ ಪಾಲಿನದು ಬುಟ್ಟಿಯಲ್ಲಿ ಉಳಿಯುತ್ತಿತ್ತು. ಅದನ್ನು ನೋಡಲಾರದೆ ಬೆಣ್ಣೆ ಸವರಿ ನನ್ನ ತಾಟಿಗೆ ಹಾಕುತ್ತಿದ್ದಳು.

"ಉಣ್ಣವ್ವಾ. ನೀ ಉಂಡರ ನನಗ ಸಮಾಧಾನ."

ನಾನು ಉಣ್ಣುತ್ತಿದ್ದೆ. ಸಾಕಾಗಿದ್ದರೂ ಉಣ್ಣುತ್ತಿದ್ದೆ. ಖಾಲಿ ತಾಟು ಕಂಡಾಗ ಅವಳ ಮುಖ ಒಂದಿಷ್ಟು ಅರಳುತ್ತಿತ್ತು. ಅಷ್ಟಕ್ಕಾಗಿ ನಾನು ಏನು ಬೇಕಾದರೂ ಉಣ್ಣಲು ತಯಾರಿದ್ದೆ.

ಮರುವರ್ಷದ ಹೊತ್ತಿಗೆ ನನ್ನ ಲಂಗಗಳಾವುವೂ ಸೊಂಟಕ್ಕೆ ಸಾಲುತ್ತಿರಲಿಲ್ಲ. ಖೋಖೋ ಆಟದಲ್ಲಿ ಕೂತು ಏಳುವಷ್ಟರಲ್ಲಿ ಎದುರಿನವರು ದಾಟಿ ಹೋಗುತ್ತಿದ್ದರು. ಗೆಳತಿಯರು ಮೊದಲು ನಕ್ಕರು, ಆಮೇಲೆ ಹತ್ತಿ ಅಂಡಿಗಿ ಎಂದು ಹೆಸರಿಟ್ಟರು. ಗೋಡೆಯೆತ್ತರ ಹತ್ತಿ ತುರುಕಿದ ಆ ಚೀಲಗಳನ್ನು ನಾನೂ ಎಷ್ಟೋ ಸಲ ಗಾಡಿಯ ಮೇಲೆ ನೋಡಿದ್ದೆ. ಆಟ ಬಿಟ್ಟೆ. ಶಾಲೆ ಬಿಟ್ಟೊಡನೆ ನೇರ ಮನೆಗೆ ಬಂದು ಅವ್ವನ ಪಕ್ಕ ಕೂಡುತ್ತಿದ್ದೆ. ಕೂತಲ್ಲಿ ತಿನ್ನಲು ಏನಾದರೂ ಸಿಗುತ್ತಿತ್ತು.

ಮುಧೋಳದಲ್ಲಿ ಚಿಕ್ಕವ್ವನ ಮದುವೆಗೆ ಹೋದೆವು. ತಮ್ಮ ಹೋದ ಮೇಲೆ ಅವ್ವ ಊರು ದಾಟಿದ್ದು ಅದೇ ಮೊದಲು. ಪಂಕ್ತಿಯಲ್ಲಿ ಎದುರಿಗೆ ಕೂತಿದ್ದ ದೂರದ ಬಂಧುವೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಗಳನ್ನ ಭಾಳ ಛಲೋ ಮೇಯಿಸೀ ನೋಡವಾ," ಎಂದು ಅವ್ವನಿಗೆ ಅಂದಳು. ಸಾಲೆಲ್ಲ ನಕ್ಕಿತು. ತಿರುಗಿ ಬರುವಾಗ ಮಹಾಲಿಂಗಪುರದಲ್ಲಿ ಬಸ್ಸು ಬದಲಿಸಿದೆವು. ಅಲ್ಲಿಯೂ ಅವ್ವ ನನ್ನ ಮುಖ ನೋಡಲಿಲ್ಲ.

ಮರುದಿನದಿಂದ ನನ್ನ ತಾಟಿಗೆ ಅರ್ಧ ರೊಟ್ಟಿ. ಬೆಣ್ಣೆ ಬಂದ್. ನನಗೆ ಹಸಿವಿಗಿಂತ ಹೆಚ್ಚು ಹೆದರಿಕೆಯಾಯಿತು. ಅವ್ವನಿಗೆ ಇನ್ನು ನಾನು ಬೇಡವಾದೆ ಅಂದುಕೊಂಡೆ. ನೂಲಿನ ಕೋಣೆಯ ಕತ್ತಲಲ್ಲಿ ಕೂತು ಬೆಲ್ಲ, ಶೇಂಗಾ ಕದ್ದು ತಿನ್ನತೊಡಗಿದೆ. ತಿನ್ನುವಷ್ಟು ಹೊತ್ತು ಹಾಯೆನಿಸುತ್ತಿತ್ತು. ಬಾಯಿ ಒರೆಸಿಕೊಳ್ಳುವಾಗ ನನ್ನ ಮೇಲೇ ನನಗೆ ಹೇಸಿಗೆ ಬರುತ್ತಿತ್ತು.

ಒಂದು ಮಧ್ಯಾಹ್ನ ನೂಲು ತರಲು ಬಂದ ಅವ್ವ ನನ್ನನ್ನು ಕಂಡಳು. ಹೊಡೆಯುತ್ತಾಳೆಂದು ಮುದುಡಿದೆ. ಅವಳು ಬಾಗಿಲು ಮುಂದೆ ಮಾಡಿ ನನ್ನ ಎದುರು ಕೂತಳು.

"ಹಸಿವಾಗೇತೇನ?"

"ಇಲ್ಲ."

"ಮತ್ತ್ಯಾಕ ತಿನ್ನಾಕತ್ತಿ?"

ನನಗೆ ಅಳು ಒತ್ತರಿಸಿ ಬಂತು. "ತಮ್ಮ ಹೋದ ಮ್ಯಾಲ ನಾ ಉಂಡಾಗಷ್ಟ ನೀ ನಗತಿದ್ದಿ. ಈಗ ಅದೂ ಇಲ್ಲ."

ಅವ್ವ ನನ್ನ ಕೈಯಲ್ಲಿದ್ದ ಬೆಲ್ಲ ತೆಗೆದು ಪಕ್ಕಕ್ಕಿಟ್ಟಳು. "ನೀ ಉಂಡರ ಅವನೂ ಉಂಡಂಗ ಅನಸ್ತಿತ್ತವ್ವಾ," ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ನನ್ನ ಮುಂದೆ ಅವಳು ಮನಸಾರೆ ಅತ್ತಿದ್ದು ಅಂದೇ. ನಾನೂ ಅತ್ತೆ. ಅಪ್ಪ ಬಾಗಿಲು ತಳ್ಳಿ ಇಣುಕಿದ. ಹೋಗಿ ಮಗ್ಗ ನಿಲ್ಲಿಸಿದ.

ಸಂಜೆ ಅವ್ವ ಮುಖ ತೊಳೆದು, "ನಡಿ, ಹೊರಗ ಹೋಗಿ ಬರೂಣು," ಅಂದಳು. ರಬಕವಿ ರಸ್ತೆಯಲ್ಲಿ ಬಹಳ ದೂರ ನಡೆದೆವು. ನನಗೆ ಏದುಸಿರು ಬಂದರೆ ನಿಲ್ಲುತ್ತಿದ್ದಳು. ತಮ್ಮ ತೊದಲುತ್ತಿದ್ದ ಮಾತು, ಅವನ ಹಟ, ಎಲ್ಲ ಅವಳ ಬಾಯಿಂದ ಹೊರಬಂತು. ಆಮೇಲೆ ಅದೇ ರೂಢಿಯಾಯಿತು. ಓಣಿಯ ಇಬ್ಬರು ಹೆಂಗಸರೂ ಜೊತೆಗೂಡಿದರು. ಅವ್ವ ಅವರೊಂದಿಗೆ ನಗುವುದನ್ನೂ ಕೇಳಿದೆ.

ನಾನು ತೆಳ್ಳಗಾದೆನೆಂದರೆ ಸುಳ್ಳಾದೀತು. ಜಮಖಂಡಿಯ ಕಾಲೇಜಿಗೆ ಸೇರಿದಾಗಲೂ ತರಗತಿಯಲ್ಲಿ ನಾನೇ ದಪ್ಪ. ಆದರೆ ಕದ್ದು ತಿನ್ನುವುದು ತಾನಾಗಿ ಬಿಟ್ಟುಹೋಗಿತ್ತು. ಯಾರಾದರೂ ಆಡಿಕೊಂಡರೆ ನೋಯುತ್ತಿತ್ತು, ಅದನ್ನು ಮನೆಗೆ ಬಂದು ಹೇಳುತ್ತಿದ್ದೆ. ಅವ್ವ ಕೆಲಸ ಬಿಟ್ಟು ಕೂತು ಕೇಳುತ್ತಿದ್ದಳು.