ಬಾವಿಯಲ್ಲಿ ನೀರಿಲ್ಲವೆಂಬ ಸರ್ಟಿಫಿಕೇಟು

ಸರ್ಕಾರ ನಮ್ಮಂಥವರಿಗೆ ದುಡ್ಡು ಕೊಡುವುದು ಎಂದಿಗೂ ಆಗದ ಮಾತು ಎಂದವನು ನಮ್ಮ ದೊಡ್ಡಪ್ಪ. ನಾನು ಬಿ.ಎ. ಪಾಸಾಗುವುದೂ ಆಗದ ಮಾತೆಂದು ಅದೇ ಕಟ್ಟೆಯ ಮೇಲೆ ಕೂತು ಹೇಳಿದ್ದ. ನಿನ್ನೆ ನನ್ನ ಪದವಿಪತ್ರಕ್ಕೆ ಗಾಜಿನ ಕಟ್ಟು ಹಾಕಿಸೋಣವೆಂದು ಟ್ರಂಕು ತೆರೆದರೆ, ಒಣ ಬೇವಿನೆಲೆಯ ವಾಸನೆಯ ಜೊತೆ ಮೊದಲು ಕೈಗೆ ಬಂದದ್ದು ಬೇರೊಂದು ಕಾಗದ.

ಕಾಗದ ಬಂದರೆ ಓದಿಸಿಕೊಳ್ಳಲು ಪಕ್ಕದೂರಿಗೆ ಹೋಗುತ್ತಿದ್ದ ಮನೆತನ ನಮ್ಮದು. ಅದರಲ್ಲಿ ನಾನೇ ಮೊದಲ ಬಿ.ಎ. ಇದನ್ನು ಹೇಳದೆ ನಾನು ಯಾವ ಮಾತನ್ನೂ ಮುಗಿಸುವವನಲ್ಲ, ನೀವು ಸಹಿಸಿಕೊಳ್ಳಬೇಕು.

ಕೊಡುವುದಿಲ್ಲ ಎನ್ನುತ್ತಲೇ ದೊಡ್ಡಪ್ಪ ತಕಾವಿಗೆ ಅರ್ಜಿ ಹಾಕಿದ್ದ. ತಕಾವಿಯೆಂದರೆ ಬಾವಿ ತೋಡಲು ಸರ್ಕಾರ ರೈತನಿಗೆ ಕೊಡುತ್ತಿದ್ದ ಮುಂಗಡ. ಮಂಜೂರಾಗಿಯೇ ಬಿಟ್ಟಿತು. ರಾಂಪುರದ ದಾರಿಯ ಹೊಲದಲ್ಲಿ ಅಗೆತ ಶುರುವಾಗಿ, ಬಂಡೆ ಸಿಗುವಷ್ಟರಲ್ಲಿ ಮೊದಲ ಕಂತು ಮುಗಿಯಿತು. ಬಂಡೆ ಒಡೆಯಲು ಎರಡನೆಯದು ಬೇಕು. ಅದಕ್ಕೆ ಹೋಬಳಿಯ ಕಂದಾಯ ನೋಡುವ ಶೇಕ್‌ದಾರರು ಬಂದು ನೋಡಿ ಬರೆಯಬೇಕು. ಅಧಿಕಾರಿ ಮನೆಬಾಗಿಲಿಗೆ ಬಂದಾಗ ಒಣಗುಂಡಿ ತೋರಿಸುವುದು, ಊಟಕ್ಕೆ ಕರೆದು ಬರೀ ಎಲೆ ಹಾಕಿದಂತೆ ಎಂದು ದೊಡ್ಡಪ್ಪನಿಗೆ ಅನ್ನಿಸಿತು. ಅಂದು ಬೆಳಗ್ಗೆ ಮನೆಮಂದಿಯೆಲ್ಲ ಊರಬಾವಿಯಿಂದ ಕೊಡ ಹೊತ್ತು ಸುರಿದದ್ದೇ ಸುರಿದದ್ದು. ಶೇಕ್‌ದಾರರು ಮೇಲಿನಿಂದಲೇ ಬಗ್ಗಿ, ನೀರಲ್ಲಿ ತಮ್ಮ ತಲೆಯ ರುಮಾಲು ನೋಡಿಕೊಂಡು, ಸಂತೋಷದಿಂದ ಬರೆದರು: ನೀರು ಬಿದ್ದಿದೆ, ಇನ್ನು ಹಣ ಬೇಕಿಲ್ಲ. ಅವರ ಕುದುರೆ ಊರು ದಾಟುವಷ್ಟರಲ್ಲಿ ನೀರು ಬಂಡೆಯ ಬಿರುಕಿಗೆ ಇಳಿದು ಹೋಗಿತ್ತು.

ಆ ವಾರವೇ ನಾನು ಬಿ.ಎ. ಆಗಿ ಊರಿಗೆ ಬಂದೆ. ಇಂಗ್ಲಿಷಿನಲ್ಲಿ ನಾಲ್ಕು ಪುಟದ ಅರ್ಜಿ ಬರೆದೆ. ನಾನು ಕಲಿತ ದೊಡ್ಡ ಪದಗಳೆಲ್ಲ ಅದರಲ್ಲಿದ್ದವು. ಕೊಡ ಹೊತ್ತು ನೀರು ಸುರಿದ ವಿಷಯ ಮಾತ್ರ ಇರಲಿಲ್ಲ. ಚಳ್ಳಕೆರೆ ತಾಲ್ಲೂಕು ಕಚೇರಿಯಲ್ಲಿ ಅಮಲ್ದಾರರು ಕೊನೆಯ ತನಕ ಓದಿ, ಬಾವಿಯಲ್ಲಿ ನೀರಿದೆಯೋ ಇಲ್ಲವೋ ಎಂದು ಕೇಳಿದರು. ನಿಜ ಹೇಳಿದರೆ ಮೋಸವೆಂದು ಮೊದಲ ಕಂತನ್ನೂ ಕಕ್ಕಿಸಬಹುದು. ಹೇಳದಿದ್ದರೆ ಬಾವಿ ಗುಂಡಿಯಾಗಿಯೇ ಉಳಿಯುತ್ತದೆ. ದೊಡ್ಡಪ್ಪ ನನ್ನನ್ನು ಸರಿಸಿ ಮುಂದೆ ಬಂದ.

"ನೀರು ನಾವೇ ಸುರಿದಿದ್ದು ಸ್ವಾಮಿ. ದೊಡ್ಡೋರು ಬರ್ತಾರೆ ಅಂತ, ಮರ್ಯಾದಿಗೆ."

ಅಮಲ್ದಾರರು ನಕ್ಕರೋ ಕೆಮ್ಮಿದರೋ ಇವತ್ತಿಗೂ ಗೊತ್ತಿಲ್ಲ. ಶೇಕ್‌ದಾರರನ್ನು ಮತ್ತೆ ಕಳಿಸಿದರು. ಈ ಸಲ ದೊಡ್ಡಪ್ಪ ಅವರಿಗೆ ಮಜ್ಜಿಗೆಯನ್ನು ಕೂಡ ಬಾವಿಯಿಂದ ನಾಲ್ಕು ಮಾರು ದೂರ ನಿಲ್ಲಿಸಿಯೇ ಕೊಟ್ಟ. ಅವರು ಜೋಡು ಬಿಟ್ಟು, ಹಗ್ಗ ಹಿಡಿದು ಇಳಿದು, ಬಂಡೆ ಮುಟ್ಟಿ ನೋಡಿ, ಮೇಲೆ ಬಂದು ಬರೆದುಕೊಟ್ಟರು: ಈ ಬಾವಿಯಲ್ಲಿ ನೀರಿಲ್ಲ. ಅಂದು ನಮ್ಮ ಮನೆಯಲ್ಲಿ ಹೋಳಿಗೆ. ಒಣಬಾವಿಗೆ ಹೋಳಿಗೆ ಮಾಡಿದವರು ಸೀಮೆಯಲ್ಲಿ ನಾವೊಬ್ಬರೇ ಇರಬೇಕು.

ಕಂತು ಬಂತು, ಬಂಡೆ ಒಡೆಯಿತು. ಇದನ್ನು ಬರೆಯುತ್ತಾ ನಾನು ಕುಡಿಯುತ್ತಿರುವುದು ಅದೇ ನೀರು. ಇವತ್ತು ಕಟ್ಟು ಹಾಕುವವನ ಕೈಗೆ ಕೊಟ್ಟದ್ದು ಆ ಕಾಗದವನ್ನೇ, ಬಿ.ಎ. ಮತ್ತೆ ಬೇವಿನೆಲೆಯ ಕೆಳಗೆ ಹೋಯಿತು. ಶೇಕ್‌ದಾರರು ಅದನ್ನು ಕೈಗಿಟ್ಟ ದಿನ ದೊಡ್ಡಪ್ಪ ನನ್ನಿಂದ ಮೂರು ಸಲ ಓದಿಸಿಕೊಂಡು ಹೇಳಿದ್ದ:

"ಇಲ್ಲ ಅನ್ನೋಕೆ ಒಂದೇ ಸಾಲು ಸಾಕಾಯ್ತು ನೋಡಲೇ, ನೀನು ನಾಲ್ಕು ಪುಟ ಬರ್ದಿದ್ದೆ. ಹೋಗ್ಲಿ ಬಿಡು. ಓದೋಕಾದ್ರೂ ಒಬ್ಬ ಬೇಕಿತ್ತು ಮನ್ಯಾಗೆ."