ಅಳಿಯನ ಲಾರಿ, ಅತ್ತೆಯ ಸ್ಪ್ಯಾನರ್

ಮದುವೆಯಾಗಿ ವರ್ಷಗಳೇ ಕಳೆದರೂ ಅಳಿಯ ತನ್ನ ಲಾರಿಯನ್ನು ಅತ್ತೆಯ ಗ್ಯಾರೇಜಿನ ಕಡೆ ತಿರುಗಿಸಿರಲಿಲ್ಲ. ಗಂಡ ಇದ್ದಾಗ ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆದುಕೊಡುತ್ತಿದ್ದ ಆಕೆ, ಅವನು ಹೋದ ಮೇಲೆ ಅವನ ಮೇಜಿನ ಮುಂದೆ ನಿಂತು, ಎಂಜಿನ್ನಿಗೆ ಗಾಳಿ ಒತ್ತಿ ಬಲ ಕೊಡುವ ಟರ್ಬೊಗಳ ರಿಪೇರಿ ಹಿಡಿದಳು, ಮಗಳನ್ನು ಓದಿಸಿ ಮದುವೆಯನ್ನೂ ಮಾಡಿದಳು. ಡ್ರೈವರುಗಳೆಲ್ಲ ಆಕೆಯನ್ನು ಕರೆಯುವುದೇ ‘ಟರ್ಬೊ ಅಮ್ಮ’ ಎಂದು. ಅಳಿಯನಿಗೆ ಮಾತ್ರ, ಅತ್ತೆ ತನ್ನ ಗಾಡಿಯ ಕೆಳಗೆ ಮಲಗುವುದೆಂದರೆ ಮರ್ಯಾದೆಯ ಪ್ರಶ್ನೆ. ಮರ್ಯಾದೆ ಏನು ಲಾರಿ ಎಳೆಯುತ್ತದೆಯೇ, ಪುಣ್ಯಾತ್ಮ!

ಬೇರೆ ಕಡೆ ಹಾಕಿಸಿದ ಎರಡು ಟರ್ಬೊ ಒಂದರ ಹಿಂದೆ ಒಂದು ಕೈಕೊಟ್ಟವು. ಮೂರನೆಯದೂ ನರಳತೊಡಗಿದಾಗ ಮಗಳು ಹಟ ಹಿಡಿದು ಗಂಡನನ್ನು ಅಮ್ಮನ ಹತ್ತಿರ ಅಟ್ಟಿದಳು. ಅವನು ಗ್ಯಾರೇಜಿನ ಮುಂದಿನ ಏರನ್ನು ರೊಯ್ಯನೆ ಹತ್ತಿಸಿದ. ಲಾರಿ ಪೂರ್ತಿ ನಿಲ್ಲುವ ಮೊದಲೇ ಎಂಜಿನ್ ಆಫ್ ಮಾಡಿ ಕೆಳಗೆ ಜಿಗಿದ.

“ಹತ್ತು ಟನ್ ಹಾಕಿದ್ರೆ ದಿಬ್ಬ ಹತ್ತಲ್ಲ ಅತ್ತೆ. ನೀಲಿ ಹೊಗೆ ಬೇರೆ. ನಾಳಿದ್ದು ಗಿರಾಕಿ ಬರ್ತಾನೆ, ಮಾರಿಬಿಡ್ತೀನಿ. ಇನ್ನೊಬ್ಬರ ಗಾಡಿ ಓಡಿಸ್ಕೊಂಡು ಇದ್ರಾಯ್ತು.”

ಸ್ವಂತ ಲಾರಿ ಕೊಂಡ ದಿನ ಇವನು ಮೀಸೆ ತಿರುವಿಕೊಂಡು ಬೀದಿಯಲ್ಲೆಲ್ಲ ಓಡಾಡಿದ್ದನ್ನು ಆಕೆಯೇ ನೋಡಿದ್ದಳು. ಈಗ ಬೇರೆಯವರ ಮುಂದೆ ಕೈಕಟ್ಟಿ ನಿಲ್ಲಬೇಕು. ಆದರೆ ಆಕೆಯ ಕಿವಿ ಅವನ ಮಾತಿಗಿಂತ ಲಾರಿಯ ಮೇಲಿತ್ತು. ಎಂಜಿನ್ ಸತ್ತಿದ್ದರೂ ಒಳಗೆ ಟರ್ಬೊ ಇನ್ನೂ ಸೀಟಿ ಹೊಡೆಯುತ್ತಿತ್ತು. ಸೀಟಿ ಸಣ್ಣಗಾಗುತ್ತಾ ಹೋಗಿ, ಕರಕರ ಎಂದು ನಿಂತಿತು.

ಬಿಚ್ಚಿದ ಮೇಲೆ ಅನುಮಾನ ಉಳಿಯಲಿಲ್ಲ. ಗಾಳಿ ತಳ್ಳುವ ಚಕ್ರದ ಶಾಫ್ಟನ್ನು ಎರಡು ಬೆರಳಲ್ಲಿ ಅಲ್ಲಾಡಿಸಿದರೆ ಸಡಿಲ ಹಲ್ಲಿನಂತೆ ಆಡುತ್ತಿತ್ತು. ಶಾಫ್ಟನ್ನು ಹಿಡಿದಿಡುವ ಬುಷ್‌ಗಳು ಸವೆದಿದ್ದವು, ಆಯಿಲ್ ಬರುವ ಸಣ್ಣ ಪೈಪಿನಲ್ಲಿ ಕರಿ ಕಟ್ಟಿತ್ತು. ಪುಣ್ಯಕ್ಕೆ ಚಕ್ರದ ರೆಕ್ಕೆಗಳು ಇನ್ನೂ ಸುತ್ತಲಿನ ಗೂಡಿನ ಗೋಡೆಗೆ ತಾಗಿರಲಿಲ್ಲ.

ಬುಷ್ ಬದಲಾಯಿಸುವುದು ಆಕೆಗೆ ನೀರು ಕುಡಿದಷ್ಟು ಸಲೀಸು. ಕಷ್ಟ ಇದ್ದದ್ದು ತಪ್ಪು ಅಳಿಯನದೇ ಎಂದು ಬಾಯಿ ಬಿಡುವುದರಲ್ಲಿ. ಹೇಳದಿದ್ದರೆ ಇದೂ ಸುಟ್ಟುಹೋಗುತ್ತದೆ. ಹೇಳಿದರೆ ಅಳಿಯರಾಯರು ಮುಖ ಊದಿಸಿಕೊಂಡು ಎದ್ದು ಹೋಗುತ್ತಾರೆ, ಲಾರಿ ಗಿರಾಕಿಯ ಪಾಲಾಗುತ್ತದೆ.

“ದಿಬ್ಬ ಹತ್ತಿ ನಿಲ್ಲಿಸಿದಾಗಲೂ ಹೀಗೇ ತಟ್ಟನೆ ಆಫ್ ಮಾಡ್ತೀರಾ?”

“ಮತ್ತೆ? ಒಂದು ತೊಟ್ಟು ಡೀಸೆಲ್ಲೂ ಸುಮ್ನೆ ಉರಿಸಲ್ಲ ನಾನು!” ಎಂದ ಅವನು, ಎದೆಯುಬ್ಬಿಸಿ.

ಆಕೆ ಸ್ಪ್ಯಾನರ್ ಕೆಳಗಿಟ್ಟಳು. “ಹಾಗಾದ್ರೆ ಮೂರು ಟರ್ಬೊನೂ ತಿಂದವರು ನೀವೇ. ಎಂಜಿನ್ ನಿಂತ ಕೂಡಲೇ ಆಯಿಲ್ ಬರೋದೂ ನಿಲ್ಲುತ್ತೆ. ಇದು ಮಾತ್ರ ಕೆಂಡದ ಹಾಗೆ ಕಾದು ಒಣಗಿದ ಬಾಯಲ್ಲೇ ಸುತ್ತುತ್ತಿರುತ್ತೆ. ಒಳಗೆ ಉಳಿದ ಆಯಿಲ್ ಸೀದು ಕರಿಯಾಗುತ್ತೆ. ಮೊದಲು ಎರಡು ನಿಮಿಷ ಆಕ್ಸಿಲರೇಟರ್ ಒತ್ತದೆ ಸುಮ್ನೆ ಓಡೋಕೆ ಬಿಡಿ, ಆಮೇಲೆ ಆಫ್ ಮಾಡಿ.”

ಅಳಿಯನ ಕಿವಿ ಕೆಂಪಾಯಿತು. ಎದ್ದು ಹೊರಗೆ ಹೋದ. ಆಯಿತು, ಕೆಟ್ಟಿತು ಎಂದುಕೊಂಡರೂ ಆಕೆ ಕೈ ನಿಲ್ಲಿಸಲಿಲ್ಲ. ಹೊಸ ಬುಷ್ ಕೂರಿಸಿ, ಪೈಪನ್ನೇ ಬದಲಿಸಿ, ಹೊಸ ಫಿಲ್ಟರ್ ಹಾಕಿ, ಟರ್ಬೊದ ಬಾಯಿಗೆ ಹೊಸ ಆಯಿಲ್ ಹುಯ್ದು ಶಾಫ್ಟನ್ನು ಬೆರಳಲ್ಲಿ ತಿರುಗಿಸಿದಳು. ಬೆಣ್ಣೆಯಲ್ಲಿ ಸುತ್ತಿದ ಹಾಗಿತ್ತು. ಜೋಡಿಸಿ ಮುಗಿಸುವಾಗ ಅಳಿಯ ಎರಡು ಲೋಟ ಟೀ ಹಿಡಿದು ಬಂದು, ಬೇರೆಲ್ಲೋ ನೋಡುತ್ತಾ ಕೇಳಿದ: “ಎರಡು ನಿಮಿಷ ಸಾಕಾ, ಜಾಸ್ತಿ ಬೇಕಾ?” ಆಕೆ ನಗು ತಡೆದುಕೊಂಡು ಟೀ ತೆಗೆದುಕೊಂಡಳು.

ಹೇಳಿದ ದಿನ ಗಿರಾಕಿ ಕಾಯುತ್ತಿದ್ದದ್ದು ದಿಬ್ಬದ ತುದಿಯಲ್ಲಿ, ಲಾರಿ ತೂಗುವ ಕಟ್ಟೆಯ ಹತ್ತಿರ. ಅಳಿಯ ಹತ್ತು ಟನ್ ಜಲ್ಲಿ ತುಂಬಿಸಿ, ಗ್ಯಾರೇಜಿನಲ್ಲಿ ಕೆಲಸದಲ್ಲಿದ್ದ ಅತ್ತೆಯನ್ನು ಪಕ್ಕದ ಸೀಟಿಗೆ ಹತ್ತಿಸಿಕೊಂಡ. ಮೊದಲ ತಿರುವಿನಲ್ಲಿ ಆಕೆ ಸೀಟಿನ ಅಂಚು ಹಿಡಿದು ಎಂಜಿನ್ನಿಗೆ ಕಿವಿಗೊಟ್ಟಳು. ಎರಡನೆಯದರಲ್ಲಿ ಟರ್ಬೊ ಸಣ್ಣಗೆ, ಶುದ್ಧವಾಗಿ ಹಾಡಿತು. ಮೂರನೆಯದರಲ್ಲಿ ಅಳಿಯ ಗೇರ್ ಇಳಿಸಲು ಕೈ ಚಾಚಿ, “ಅರೆ, ಬೇಡವೇ ಬೇಡ!” ಎಂದು ಕೂಗಿದ. ಕನ್ನಡಿಯಲ್ಲಿ ಹೊಗೆಯ ಸುಳಿವಿಲ್ಲ. ಖಾಲಿ ಲಾರಿಯೊಂದನ್ನು ಹಿಂದೆ ಹಾಕಿದಾಗಲಂತೂ ಅತ್ತೆ, ವಯಸ್ಸು ಮರೆತು, ಡ್ಯಾಶ್‌ಬೋರ್ಡ್ ಬಡಿದಳು.

ತುದಿಯಲ್ಲಿ ಗಿರಾಕಿ ಓಡಿಬಂದು ಬಾಗಿಲು ಹಿಡಿದ. “ಗಾಡಿ ಭರ್ಜರಿಯಾಗಿದೆ! ಮೊದಲು ಎಂಜಿನ್ ಆಫ್ ಮಾಡ್ರೀ, ಏನೂ ಕೇಳಿಸ್ತಿಲ್ಲ!”

“ಸ್ವಲ್ಪ ತಡೀರಿ,” ಎಂದ ಅಳಿಯ.

ಗಿರಾಕಿ ಕೈಬೀಸಿ ಕೂಗಾಡಿದ. ಅಳಿಯ ಸ್ಟೀರಿಂಗ್ ಮೇಲೆ ಕೈಯಿಟ್ಟು ಕಾದ. ಎಂಜಿನ್ ತಣ್ಣಗೆ ಗುಟುಗುಟು ಎನ್ನುತ್ತಿತ್ತು. ಕೊನೆಗೆ ಕೀ ತಿರುಗಿಸಿ, ಕಿಟಕಿಯಿಂದ ತಲೆ ಹೊರಹಾಕಿ ಹೇಳಿದ:

“ಬೇಜಾರು ಮಾಡ್ಕೋಬೇಡಿ, ಗಾಡಿ ಮಾರಲ್ಲ. ನಮ್ಮತ್ತೆ ರಿಪೇರಿ ಮಾಡಿದ್ದಾರೆ.”

‘ನಮ್ಮತ್ತೆ’ ಎಂದು ಅವನು ನಾಲ್ಕು ಜನರೆದುರು ಜಂಬದಿಂದ ಹೇಳಿದ್ದು ಅದೇ ಮೊದಲು. ಆಕೆಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಮಸಿ ಹತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡು, ಮುಖವೆಲ್ಲ ಕಪ್ಪಾಗಿಸಿಕೊಂಡು, ಲಾರಿಯಿಂದ ಮಹಾರಾಣಿಯ ಹಾಗೆ ಇಳಿದಳು.