ಆನೆ ಗ್ರೂಪಿನಲ್ಲೊಂದು ದನಿ

ನನ್ನ ಬಾಯಿ ಸ್ವಲ್ಪ ಜೋರು. ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ಟೈಲರ್ ಅಂಗಡಿ ಇಟ್ಟುಕೊಂಡ ಹೆಂಗಸು ಮೆತ್ತಗಿದ್ದರೆ ನಡೆಯುವುದಿಲ್ಲ. ಬ್ಲೌಸ್ ಹೊಲಿಸಿಕೊಂಡವರು ತಾವೇ ಕೊಟ್ಟ ಅಳತೆಯನ್ನು ತಮ್ಮದಲ್ಲ ಎಂದು ಜಗಳಕ್ಕೆ ನಿಲ್ಲುತ್ತಾರೆ. ಆದರೆ ಈ ಒಂದು ವಿಷಯದಲ್ಲಿ ನನ್ನ ಬಾಯಿಯಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾವು ಹಾರಂಗಿ ಕಡೆಯವರು, ಅಜ್ಜನ ಕಾಲದಲ್ಲಿ ಹಾಸನದಿಂದ ಬಂದು ಅಲ್ಲಿ ಬೇಸಾಯಕ್ಕೆ ನಿಂತವರು. ಮದುವೆಯಾಗಿ ನಾನು ಸಿದ್ದಾಪುರಕ್ಕೆ ಬಂದೆ. ಭಾವ ತೀರಿಕೊಂಡ ಮೇಲೆ ಅಕ್ಕನೂ ಇತ್ತಲೇ ಬಂದು ಎಸ್ಟೇಟ್ ಕೆಲಸಕ್ಕೆ ಸೇರಿ, ಕೂಲಿಯವರ ಸಾಲುಮನೆಗಳ ಲೈನಿನಲ್ಲಿ ಉಳಿದಳು. ಅವಳ ಲೈನ್‌ಮನೆಯಿಂದ ಕಾಫಿ ಕುಯ್ಯುವ ಜಾಗಕ್ಕೆ ರಸ್ತೆ ದಾಟಿ, ಏರು ಹತ್ತಿ, ನೀಲಿ ನೀರಿನ ಟ್ಯಾಂಕಿನ ಪಕ್ಕದ ತಿರುವು ಕಳೆದು ಹೋಗಬೇಕು. ಆ ತಿರುವಿನಲ್ಲಿ ಆನೆ ನಿಲ್ಲುತ್ತದೆ. ಬೆಳಗಿನ ಮಂಜಿನಲ್ಲಿ ಹತ್ತಿರ ಹೋಗುವ ತನಕ ಕಾಣುವುದಿಲ್ಲ, ಹತ್ತಿರ ಹೋದ ಮೇಲೆ ಕಂಡೂ ಪ್ರಯೋಜನವಿಲ್ಲ.

ಅಕ್ಕನದು ಬಟನ್ ಫೋನ್. ಹಾಗಾಗಿ ಒಲೆ ಹಚ್ಚುವ ಮೊದಲು ನಾನು ಆನೆ ಗ್ರೂಪ್ ನೋಡುತ್ತಿದ್ದೆ. ತೋಟದ ಮಾಲೀಕರು, ಕೂಲಿ ಲೆಕ್ಕ ಬರೆಯುವ ರೈಟರುಗಳು, ಜೀಪಿನವರು, ಹಾಲಿನವರು, ಹೋಂಸ್ಟೇಯವರು ಎಲ್ಲರೂ ಇರುವ ವಾಟ್ಸಾಪ್ ಗ್ರೂಪ್ ಅದು. ಎಲ್ಲಿ ಆನೆ ಕಂಡರೂ ಕಂಡವರು ಅದರಲ್ಲಿ ಹಾಕಬೇಕು. ಅದನ್ನು ನೋಡಿ ನಾನು ಅಕ್ಕನಿಗೆ ಫೋನ್ ಮಾಡುತ್ತಿದ್ದೆ. ಹೊರಡು ಎಂದರೆ ಹೊರಡುತ್ತಿದ್ದಳು, ನಿಂತ್ಕೊ ಎಂದರೆ ನಿಲ್ಲುತ್ತಿದ್ದಳು. "ಆ ರೈಟ್ರಿಗಿಂತ ನೀನೇ ದೊಡ್ ರೈಟ್ರು ಕಣೆ ನಂಗೆ" ಎಂದು ನಗುತ್ತಿದ್ದಳು.

ಆ ಸಲ ಕಾಫಿ ಪಿಕ್ಕಿಂಗ್ ಶುರುವಾದಾಗ ಗ್ರೂಪಿಗೆ ಒಂದು ಹೊಸ ನಂಬರ್ ಬಂತು. ಟ್ಯಾಂಕಿನ ಕೆಳಗೆ ಕಾಫಿ ಒಣಹಾಕುವ ಕಣವನ್ನು ರಾತ್ರಿ ಕಾಯಲು ಅಸ್ಸಾಮಿನಿಂದ ಬಂದವನು. ಬರೆಯಲು ಬಾರದು, ದನಿ ಕಳಿಸುತ್ತಿದ್ದ. "ಅಣ್ಣಾ, ಅಕ್ಕಾ, ಬರಬೇಡಿ. ನೀಲಿ ಟ್ಯಾಂಕಿ ಹತ್ರ ದೊಡ್ಡದು ಇದೆ. ಬರಬೇಡಿ." ಓಡಿ ಬಂದು ಹೇಳುತ್ತಿದ್ದನೋ ಏನೋ, ಏದುಸಿರು ಬೇರೆ. ಜಾಗದ ಹೆಸರುಗಳು ಅವನಿಗೆ ಗೊತ್ತಿರಲಿಲ್ಲ. ನೀಲಿ ಟ್ಯಾಂಕಿ, ಮುರಿದ ಮರ, ಬಿಳಿ ಗೇಟು, ಹೀಗೆಯೇ ಹೇಳುತ್ತಿದ್ದ. ನನಗಂತೂ ಅಷ್ಟು ಸಾಕಾಗಿತ್ತು. ಅವನ ದನಿ ಕೇಳಿದ ದಿನ ಅಕ್ಕನನ್ನು ನಿಲ್ಲಿಸುತ್ತಿದ್ದೆ, ಆನೆ ದಾಟಿತು ಎಂದು ಅವನೇ ಹೇಳಿದ ಮೇಲೆ ಕಳಿಸುತ್ತಿದ್ದೆ.

ಗ್ರೂಪಿನವರಿಗೆ ಮಾತ್ರ ಅವನೊಂದು ತಮಾಷೆಯಾದ. "ಯಾವ ಟ್ಯಾಂಕಿ ಮಾರಾಯ, ನಿಮ್ಮ ಅಸ್ಸಾಮಿಂದಾ?" ಎಂದು ಒಬ್ಬರು. "ಮೊದಲು ಕನ್ನಡ ಕಲಿ, ಆಮೇಲೆ ಆನೆ ನೋಡು" ಎಂದು ಇನ್ನೊಬ್ಬರು. ಗ್ರೂಪಿನ ಅರ್ಧ ಜನ ಮನೆಯಲ್ಲಿ ಮಾತಾಡುವುದು ಕನ್ನಡವಲ್ಲ, ಅದು ಬೇರೆ ಮಾತು. ಹೀಗಿರುವಾಗ ಒಂದು ಬೆಳಿಗ್ಗೆ ಅವನು ಎಡವಿದ. ಮಂಜಿನಲ್ಲಿ ಟಾರ್ಪಾಲು ಹೊದಿಸಿ ನಿಲ್ಲಿಸಿದ್ದ ಪಿಕಪ್ಪನ್ನು ಆನೆ ಎಂದುಕೊಂಡು ಬರಬೇಡಿ ಬರಬೇಡಿ ಎಂದು ಕೂಗಿ ಕಳಿಸಿದ. ಪಿಕಪ್ಪಿನವನು ಗಾಡಿಯ ಫೋಟೋ ಹಾಕಿದ. ಅಯ್ಯೋ, ಆ ದಿನದ ನಗು! ನಾನೂ ಒಂದು ಗಳಿಗೆ ನಕ್ಕೆ, ಸುಳ್ಳೇಕೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಸಂಜೆಯೊಳಗೆ ಯಾರೋ ಅವನ ದನಿಗೆ ವಾಲಗದ ತಾಳ ಸೇರಿಸಿ ಹಾಡು ಮಾಡಿದರು. ಬರಬೇಡಿ ಡುಂ ಡುಂ, ಬರಬೇಡಿ. ಮದುವೆ ಮನೆಯಲ್ಲೂ ಅದಕ್ಕೆ ಕುಣಿದರಂತೆ.

ಅವನು ಗ್ರೂಪ್ ಬಿಟ್ಟು ಹೋದ. ನನಗೆ ಮೈಯೆಲ್ಲ ಉರಿಯಿತು. "ಹೇಳುವವರ ಬಾಯಿ ಮುಚ್ಚಿಸಿದರೆ ನಾಳೆ ನಮ್ಮ ಮನೆಯವರೇ ಆ ದಾರಿಯಲ್ಲಿ ಹೋಗುವುದು. ಗುರುತಿಲ್ಲದ ಮನುಷ್ಯ ನಮಗಾಗಿ ನಿದ್ದೆಗೆಟ್ಟು ಹೇಳಿದರೆ ಒಂದು ಒಳ್ಳೆ ಮಾತಾಡಲು ನಿಮಗೇನು ಕಷ್ಟ?" ಎಂದು ಬರೆದೆ. ಅದಕ್ಕೆ ಬಂದ ಉತ್ತರ, ನಗುವ ಮುಖಗಳು. "ಟೈಲರಕ್ಕ ಗರಂ" ಎಂದು ಒಬ್ಬ. ಅಡ್ಮಿನ್ ಮಹಾಶಯರು "ದಯವಿಟ್ಟು ಆನೆ ವಿಷಯ ಮಾತ್ರ ಹಾಕಿ" ಎಂದು ನನಗೇ ಬುದ್ಧಿ ಹೇಳಿದರು.

ಕೆಲವು ದಿನ ಕಳೆದು ಅಂಗಡಿಗೆ ಒಬ್ಬ ಬಂದ. ಸಣಕಲು ದೇಹ, ಕಿವಿಯ ಪಕ್ಕ ನರೆ. "ಅಕ್ಕಾ, ಜಿಪ್ಪು ಹೋಯ್ತು" ಎಂದು ಜಾಕೆಟ್ ಮುಂದಿಟ್ಟ. ದನಿ ಕೇಳಿದ್ದೇ ತಡ, "ನೀಲಿ ಟ್ಯಾಂಕಿ!" ಎಂದುಬಿಟ್ಟೆ. ಅವನ ಮುಖ ಇಷ್ಟು ಸಣ್ಣಗಾಯಿತು. ನಾನೂ ಆಡಿಕೊಳ್ಳುತ್ತಿದ್ದೇನೆಂದುಕೊಂಡು ಜಾಕೆಟ್ ಎತ್ತಿಕೊಂಡು ಮೆಟ್ಟಿಲಿಳಿದ. ನಾನು ಸೂಜಿ ಬಿಸಾಡಿ ಹಿಂದೆಯೇ ಓಡಿದೆ.

"ನಿಲ್ಲಪ್ಪಾ, ನಗ್ತಾ ಇಲ್ಲ ನಾನು. ನೀನು ಹೇಳಿದ್ ಕೇಳ್ಕೊಂಡೇ ನಮ್ಮಕ್ಕ ಇಷ್ಟು ದಿನ ಜೀವದಲ್ಲಿರೋದು. ಮತ್ತೆ ಗ್ರೂಪಿಗೆ ಬಾ."

"ಬೇಡ ಅಕ್ಕಾ. ಲೈನಲ್ಲಿ ಎಲ್ಲಾ ಆ ಹಾಡು ಹಾಕ್ತಾರೆ. ಊರಲ್ಲಿರೋ ನನ್ ಹೆಂಡ್ತಿಗೂ ಅದೇ ಹಾಡು ಕಳ್ಸಿದ್ರು. ಕೆಲಸ ಬಿಟ್ಟು ಹಾಡ್ತಾ ಇದ್ದೀಯಾ ಕೇಳಿದ್ಳು."

ಜಿಪ್ಪು ಹಾಕಿಡುತ್ತೇನೆಂದು ಅವನ ಕೈಯಿಂದ ಜಾಕೆಟ್ ಇಸಿದುಕೊಂಡೆ. ಹಾಗಾದರೆ ನನಗೊಬ್ಬಳಿಗೇ ಕಳಿಸು ಎಂದೆ. ಆಯಿತೆಂದು ತಲೆಯಾಡಿಸಿದ.

ಅಂದಿನಿಂದ ಅವನ ದನಿ ನನ್ನ ಫೋನಿಗೆ ಬರತೊಡಗಿತು. ಮೊದಲು ಅಕ್ಕನಿಗೆ ಹೇಳಿ, ಆಮೇಲೆ ಅದನ್ನೇ ನೆಟ್ಟಗಿನ ಕನ್ನಡದಲ್ಲಿ ಬರೆದು ಗ್ರೂಪಿಗೆ ಹಾಕುತ್ತಿದ್ದೆ. ಈಗ ನೋಡಬೇಕು ಮರ್ಯಾದೆ! ಕೈ ಮುಗಿದ ಚಿತ್ರಗಳು, ಹೂವುಗಳು, "ಥ್ಯಾಂಕ್ಸ್ ಅಕ್ಕಾ". ಅದೇ ಆನೆ, ಅದೇ ಟ್ಯಾಂಕು, ಅದೇ ಮನುಷ್ಯ ಕಂಡದ್ದು.

ಒಂದು ದಿನ ಯಾರೋ ಕೇಳಿದರು: "ಬಸ್‌ಸ್ಟ್ಯಾಂಡಿನಲ್ಲಿ ಕೂತು ನಿಮಗೆ ಟ್ಯಾಂಕಿನ ಆನೆ ಹೇಗೆ ಕಾಣ್ತದೆ ಅಕ್ಕಾ?" ನಾಚಿಕೆಯಾಗಲಿ ಇವರಿಗೆ ಎಂದು ನಿಜವನ್ನೇ ಬರೆದೆ. ನೀವು ಹಾಡು ಕಟ್ಟಿ ಓಡಿಸಿದಿರಲ್ಲ, ಅವನೇ ಇಷ್ಟು ದಿನ ನಿಮ್ಮನ್ನೆಲ್ಲ ಕಾಯುತ್ತಿರುವವನು ಎಂದು.

ನಾಚಿಕೆ? ಎಲ್ಲಿಯ ನಾಚಿಕೆ. ಹಾಡು ಮತ್ತೆ ಬಂತು, ಈ ಸಲ ನನ್ನ ಅಂಗಡಿಯ ಫೋಟೋ ಸೇರಿಸಿ. "ಬೆಳಿಗ್ಗೆ ಬೆಳಿಗ್ಗೆ ಅಕ್ಕನಿಗೆ ಸ್ಪೆಷಲ್ ವಾಯ್ಸ್" ಎಂದು ಒಬ್ಬ ಬರೆದ, ಅದಕ್ಕೆ ಕಣ್ಣು ಹೊಡೆಯುವ ಮುಖಗಳು. ನನ್ನ ಗಂಡ ಅದನ್ನು ನೋಡಿ, ನನ್ನನ್ನು ನೋಡಿ, ಎದ್ದು ಹೋದರು. ಮರುದಿನ ಬೆಳಿಗ್ಗೆ ಅವನಿಂದ ಬಂದದ್ದು ಆನೆಯ ಸುದ್ದಿಯಲ್ಲ. "ಅಕ್ಕಾ, ನನ್ನಿಂದ ನಿಮ್ಮ ಹೆಸರು ಹಾಳು. ಇನ್ನು ಕಳ್ಸಲ್ಲ. ತಪ್ಪಾಯ್ತು." ಫೋನ್ ಮಾಡಿದೆ, ಎತ್ತಲಿಲ್ಲ. ಇಡೀ ಊರಿನಲ್ಲಿ ನನ್ನ ಮರ್ಯಾದೆಯ ಯೋಚನೆ ಮಾಡಿದವನು ಅವನೊಬ್ಬ, ಮತ್ತು ಅದಕ್ಕಾಗಿಯೇ ಬಾಯಿ ಮುಚ್ಚಿಕೊಂಡ.

ಆಮೇಲೆ ಗ್ರೂಪಿನಲ್ಲಿ ಟ್ಯಾಂಕಿನ ಸುದ್ದಿ ಯಾರೂ ಹಾಕಲಿಲ್ಲ. ಆ ಹೊತ್ತಿಗೆ ಅಲ್ಲಿ ಎದ್ದಿರುವವರು ಬೇರೆ ಯಾರೂ ಇರಲಿಲ್ಲ. ಅಕ್ಕ ಫೋನಿನಲ್ಲಿ "ಏನಾರ ಬಂತಾ?" ಎಂದು ಕೇಳುತ್ತಿದ್ದಳು, ನಾನು "ಏನೂ ಬಂದಿಲ್ಲ, ಆದ್ರೂ ನೋಡ್ಕೊಂಡ್ ಹೋಗೆ" ಎನ್ನುತ್ತಿದ್ದೆ. ಅವಳು ಹೋಗದಿದ್ದರೆ ಆ ದಿನದ ಕೂಲಿ ಇಲ್ಲ.

ಆ ಬೆಳಿಗ್ಗೆಯೂ ಅಷ್ಟೇ. ಏನೂ ಬಂದಿಲ್ಲ ಎಂದೆ. ತಿರುವಿನಲ್ಲಿ ಆನೆ ಅವಳನ್ನು ಎತ್ತಿ ಚರಂಡಿಗೆ ಎಸೆಯಿತು. ಜೀವ ಹೋಗಲಿಲ್ಲ, ಸೊಂಟದ ಮೂಳೆ ಹೋಯಿತು. ಇನ್ನು ಏರು ಹತ್ತಲು ಆಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಏರಿಲ್ಲದ ಜಾಗ ನಮ್ಮಲ್ಲಿ ಎಲ್ಲಿದೆ?

ಗ್ರೂಪಿನಲ್ಲಿ ದೀಪಗಳು, ಪ್ರಾರ್ಥನೆಗಳು. ಆಮೇಲೆ ವಿಚಾರಣೆ ಶುರು. ಆ ಕಣದವನು ಆನೆಯನ್ನು ಮೊದಲೇ ಕಂಡಿದ್ದನಂತೆ, ತನ್ನ ಕಡೆಯ ಲೈನಿನಲ್ಲಿ ಬಾಗಿಲು ಬಾಗಿಲಿಗೆ ಹೋಗಿ ಹೇಳಿದ್ದನಂತೆ. ರಸ್ತೆಯ ಆಚೆಗಿನ ಅಕ್ಕನ ಲೈನಿಗೆ ಬರಬೇಕೆಂದರೆ ಆನೆಯನ್ನೇ ದಾಟಿ ಬರಬೇಕಿತ್ತು. "ಕಂಡೂ ಗ್ರೂಪಿಗೆ ಹಾಕಲಿಲ್ಲ, ಇಂಥವರನ್ನು ಸುಮ್ಮನೆ ಬಿಡಬಾರದು" ಎಂದು ಬರೆದವರು ಯಾರು? ಹಾಡಿಗೆ ನಕ್ಕವರೇ. ನಾನು ಬೈದು ಬರೆದೆ, ಅಡ್ಮಿನ್ ನನ್ನನ್ನು ತೆಗೆದುಹಾಕಿದರು. ಅವನನ್ನು ಕೆಲಸದಿಂದ ಬಿಡಿಸಿದರು. ರಿಪೇರಿಯಾದ ಜಾಕೆಟ್ ಇನ್ನೂ ನನ್ನ ಅಂಗಡಿಯಲ್ಲೇ ನೇತಾಡುತ್ತಿದೆ.

ಮಡಿಕೇರಿಯ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಅಕ್ಕನಿಗೆ ಗಂಜಿ ಕುಡಿಸುತ್ತಿದ್ದೆ. ಪಕ್ಕದ ಮಂಚದವರ ಕಡೆಯ ಹೆಂಗಸೊಬ್ಬಳು ಬೇಸರ ಕಳೆಯಲು ಫೋನ್ ಒತ್ತುತ್ತಾ ಕೂತಿದ್ದಳು. ಇದ್ದಕ್ಕಿದ್ದಂತೆ ವಾಲಗ ಬಡಿಯಿತು. ಅದರ ನಡುವೆ ಆ ಏದುಸಿರು: "ಅಣ್ಣಾ, ಅಕ್ಕಾ, ಬರಬೇಡಿ. ನೀಲಿ ಟ್ಯಾಂಕಿ ಹತ್ರ ದೊಡ್ಡದು ಇದೆ. ಬರಬೇಡಿ." ವಾರ್ಡಿನಲ್ಲಿ ನಾಲ್ಕಾರು ಜನ ನಕ್ಕರು.

ಅಕ್ಕ ಆ ದನಿಯನ್ನು ಕೇಳಿದ್ದು ಅದೇ ಮೊದಲು. ಅವಳಿಗೆ ಯಾವಾಗಲೂ ಸುದ್ದಿ ಮುಟ್ಟಿಸುತ್ತಿದ್ದವಳು ನಾನಲ್ಲವೇ. ಚಮಚ ಪಕ್ಕಕ್ಕೆ ಸರಿಸಿ, ಮಗ್ಗುಲು ತಿರುಗಲಾಗದೆ ಚಾವಣಿ ನೋಡುತ್ತಲೇ ಕೇಳಿದಳು.

"ಯಾರೆ ಅದು? ನಮ್ ಟ್ಯಾಂಕಿ ಅಂತಾವ್ನೆ. ಅಕ್ಕಾ ಬರ್ಬೇಡಿ ಅಂತಾವ್ನಲ್ಲೆ. ಯಾವಾಗ ಹೇಳ್ದ?"

ನಾನು ಮತ್ತೆ ಚಮಚಕ್ಕೆ ಗಂಜಿ ತುಂಬಿದೆ. ಆ ಹೆಂಗಸು ನಗುತ್ತಾ ಮತ್ತೊಮ್ಮೆ ಹಾಕಿದಳು.